ಪೆಟ್ರೋಲ್ ಟ್ಯಾಂಕಿನ ಮುಚ್ಚಳ

ಸೌಂದರ್ಯ ಮುಚ್ಚಳದ ಕೀ ತೂತಿಗೆ ಮೂರನೆಯ ಸಲ ಕೊಬ್ಬರಿ ಎಣ್ಣೆ ಬಿಟ್ಟಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒರಗಿ ನಿಂತಿದ್ದ ಶಶಿಕುಮಾರ ಅದನ್ನು ನೋಡಬಾರದು ಅಂದುಕೊಂಡು ಹಿಂದಕ್ಕೆ ಹೋದ, ಒಲೆಯ ಬಾಯಿಗೆ ಬೇಕಿಲ್ಲದ ಒಂದು ಸೌದೆ ತುರುಕಿದ, ಮತ್ತೆ ಬಂದು ಅದೇ ಜಾಗದಲ್ಲಿ ನಿಂತ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಹೊಂಗೆಮರದ ನೆರಳಲ್ಲಿ ಹಳೆಯ ಬೈಕು, ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತ ಅಣ್ಣನ ಮಗಳು, ಆಚೆಗೆ ಹಗ್ಗದ ಮಂಚದ ಮೇಲೆ ಅಣ್ಣ ಚೆಲುವರಾಜು ಟೀ ಲೋಟ ಹಿಡಿದು ಯಾರದೋ ಮನೆಯ ಕೆಲಸ ನೋಡುವವನ ಹಾಗೆ ಕೂತಿದ್ದಾನೆ. ಆ ಮುಚ್ಚಳಕ್ಕೆ ಬೀಗ ಬಿದ್ದು ನಾಲ್ಕು ವರ್ಷ. ಅದರ ಕೀಯನ್ನು ಅಣ್ಣ, ಅತ್ತಿಗೆ ತೀರಿಕೊಂಡ ಹನ್ನೊಂದನೆಯ ದಿನ, ಕೆ.ಆರ್. ನಗರದ ಹತ್ತಿರ ಹೊಳೆಯಲ್ಲಿ ಸ್ನಾನ ಮಾಡಿ ಎದ್ದವನು ಎಲ್ಲರ ಕಣ್ಣೆದುರೇ ಕಾವೇರಿಗೆ ಎಸೆದಿದ್ದ. ಟ್ಯಾಂಕಿನೊಳಗೆ ಏನೂ ಇಲ್ಲ ಎಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅದು ಗಂಟಲಿನವರೆಗೆ ತುಂಬಿದೆ ಎಂಬುದು ಗೊತ್ತಿದ್ದವನು ಶಶಿ ಒಬ್ಬನೇ, ಯಾಕೆಂದರೆ ತುಂಬಿಸಿದವನು ಅವನು.

ಮುಚ್ಚಳ ತೆಗೆದರೆ ಎಲ್ಲ ಮುಗಿಯಿತು. ಇದನ್ನು ಅವನು ಒಂದು ತಿಂಗಳಿನಿಂದ, ಸೌಂದರ್ಯ ಬೈಕಿನ ಮೇಲಿನ ಗೋಣಿತಾಟು ಎಳೆದು ಹಾಕಿ 'ಇದು ನಮ್ಮಮ್ಮನ ಗಾಡಿ, ನಾನು ಓಡಿಸ್ತೀನಿ' ಅಂದ ದಿನದಿಂದ, ಊಟದ ಹೊತ್ತಿಗೂ ಮಲಗುವ ಹೊತ್ತಿಗೂ ಅಂದುಕೊಳ್ಳುತ್ತಲೇ ಇದ್ದ. ಹುಣಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಿಳಿಕೆರೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗಿ, ಸ್ಪ್ಯಾನರ್ ಹಿಡಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಒಂದು ಭಾನುವಾರ ಪ್ಲಗ್ಗು, ಇನ್ನೊಂದು ಭಾನುವಾರ ಕಾರ್ಬುರೇಟರ್. ಅವಳು ಪೆಟ್ರೋಲ್ ಪೈಪು ಕಿತ್ತ ದಿನ ಶಶಿ ಉಸಿರು ಹಿಡಿದು ನಿಂತಿದ್ದ. ಒಂದು ಹನಿಯೂ ಬೀಳಲಿಲ್ಲ. ಟ್ಯಾಂಕಿನ ನಲ್ಲಿಯಲ್ಲಿ ಕಸ ಕಟ್ಟಿಕೊಂಡಿರಬೇಕು ಎಂದು ಸಮಾಧಾನ ಮಾಡಿಕೊಂಡ, ಆಮೇಲೆ ಆ ಸಮಾಧಾನಕ್ಕೆ ತನಗೇ ಹೇಸಿಗೆಯಾಯಿತು. 'ಗುಜರಿಗಾಕ್ಬುಡವ್ವ, ಟ್ಯಾಂಕೆಲ್ಲ ತುಕ್ಕಿಡ್ದಿರ್ತದೆ, ನಿಂಗೊಂದು ಒಸಾ ಸ್ಕೂಟ್ರು ತಕ್ಕೊಡಾನ' ಅಂದಿದ್ದ. ಸೌಂದರ್ಯ ತಲೆಯೆತ್ತಿ ನೋಡಿ, 'ಅಮ್ಮನ್ನೂ ಇಂಗೇ ಏನಾರ ಏಳಿ ಕಳಿಸ್ಬುಟ್ಯಾ ಚಿಕ್ಕಪ್ಪ?' ಅಂದು ನಕ್ಕಿದ್ದಳು. ಅದು ತಮಾಷೆ. ಅವಳಿಗೆ ಗೊತ್ತಿರುವ ಕಥೆಯಲ್ಲಿ ಅವನು ಪಾಪದವನು, ಪೆಟ್ರೋಲಿಲ್ಲದ ಗಾಡಿ ಇಟ್ಟುಕೊಂಡು ಒದ್ದಾಡಿದವನು. ತಪ್ಪೆಲ್ಲ ಕೀ ಜೇಬಿಗೆ ಹಾಕಿಕೊಂಡು ಹೋದ ಅಪ್ಪನದು. ಅಮ್ಮ ಸತ್ತ ಮೇಲೆ ಅವಳು ಅಪ್ಪನ ಜೊತೆ ಒಂದು ವರ್ಷ ಮಾತಾಡಿರಲಿಲ್ಲ.

ಬೈಕು ಅತ್ತಿಗೆ ವಾಣಿಶ್ರೀಯ ಮದುವೆಯಲ್ಲಿ ಅವಳ ಅಪ್ಪ ಕೊಟ್ಟದ್ದು. ಅದಕ್ಕೆ ಎರಡು ಕೀ. ಸ್ಟಾರ್ಟ್ ಮಾಡುವ ಕೀ ನಡುಮನೆಯ ಮೊಳೆಯಲ್ಲಿ ತೂಗುತ್ತಿತ್ತು, ಟ್ಯಾಂಕಿನ ಮುಚ್ಚಳದ ಪುಟ್ಟ ಕೀ ಅಣ್ಣನ ಗೊಂಚಲಿನಲ್ಲಿ. ಅತ್ತಿಗೆ ತೀರಿಕೊಂಡ ದಿನದ ಹಿಂದಿನ ಸಂಜೆ ಶಶಿಯೇ ಗೊಂಚಲು ಇಸಿದುಕೊಂಡು ಬೆಟ್ಟದಪುರಕ್ಕೆ ಹೋಗಿ ಟ್ಯಾಂಕು ತುಂಬಿಸಿದ್ದ, ಬಂಕಿನವನು ನೊರೆ ಇಳಿಯಲಿ ಎಂದು ನಿಲ್ಲಿಸಿ ಮತ್ತೆ ಬಿಟ್ಟಿದ್ದ, ಒಂದಿಷ್ಟು ಚೆಲ್ಲಿ ತೊಡೆಗೆ ತಾಗಿ ತಣ್ಣಗಾಗಿತ್ತು. ಬೆಳಿಗ್ಗೆ ಅಣ್ಣ ಗೊಂಚಲು ಜೇಬಿಗಿಳಿಸಿ ಕೆ.ಆರ್. ನಗರದ ನೆಂಟರ ಮನೆಗೆ ಬಸ್ಸಿನಲ್ಲಿ ಹೋದ. ಬ್ಯಾರನ್ನಿನಲ್ಲಿ ಸೊಪ್ಪು ಹಳದಿಗೆ ತಿರುಗಿ ಬಣ್ಣ ಕಟ್ಟುವ ಹೊತ್ತು. ಆಗ ಕಾವು ಇಳಿದರೆ ಸೊಪ್ಪು ಕಪ್ಪಾಗುತ್ತದೆ. ಬ್ಯಾರನ್ನು ಕಾಯುವವನು ಎದ್ದು ಹೋಗುವ ಹಾಗಿಲ್ಲ, ಊಟ ಅಲ್ಲಿಗೇ ಬರುತ್ತದೆ, ನೆಂಟರಲ್ಲಿ ಯಾರಾದರೂ ಸತ್ತರೆಂದು ಹೇಳಿ ಕಳಿಸಿದರೂ ಬದಲಿ ಆಳು ಬಂದು ಕೂರುವ ತನಕ ಅವನು ಏಳುವುದಿಲ್ಲ. ಅದರ ಹಿಂದಿನ ಸಲ ಬ್ಯಾರನ್ನು ಹಾಕಿದಾಗ ಶಶಿ ತೂಕಡಿಸಿ ಅರ್ಧ ಸೊಪ್ಪು ಕೆಡಿಸಿದ್ದ. ಬೆಂದ ಸೊಪ್ಪನ್ನು ಕಡ್ಡಿಯಿಂದ ಬಿಚ್ಚಲು ಬಂದ ಹೆಂಗಸರ ಎದುರಿಗೇ ಅಣ್ಣ ಒಂದು ಕಪ್ಪು ಎಲೆಯನ್ನು ಅವನ ಕೈಗೆ ಕೊಟ್ಟು 'ಇದ ಜೇಬಲ್ಲಿಟ್ಕೊ, ನಿದ್ದೆ ಬಂದಾಗ ತಗ್ದು ನೋಡ್ಕೊ' ಅಂದಿದ್ದ. ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದರು. ಆ ಎಲೆ ಆ ದಿನವೂ ಅವನ ಅಂಗಿಯ ಜೇಬಿನಲ್ಲಿತ್ತು.

ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮೊದಲು ಅತ್ತಿಗೆ ಬಂದು ಇದೇ ಹೊಂಗೆಮರ ಹಿಡಿದು ನಿಂತಿದ್ದಳು. 'ಶಶಿ, ಯಾಕೋ ಎದೆ ಇಡ್ಕಂಡಂಗಾಯ್ತಾ ಅದೆ ಕಣಪ್ಪ. ಪಿರಿಯಾಪಟ್ಟಣದ ಆಸ್ಪತ್ರೆ ತಕ ಬುಟ್ಬುಟ್ ಬತ್ತೀಯಾ?' ಅವಳ ಮುಖದಲ್ಲಿ ಬೆವರಿತ್ತು. ಬೆವರು ಯಾರಿಗೆ ಬರುವುದಿಲ್ಲ, ಬೆಳಗಿನಿಂದ ಕಡ್ಡಿಗೆ ಸೊಪ್ಪು ಕಟ್ಟಿದವಳು. ಗ್ಯಾಸು ಇರಬೇಕು ಅಂದುಕೊಂಡ. ಗಾಜಿನ ಕಿಂಡಿಯಲ್ಲಿ ಕಾಣುವ ಥರ್ಮಾಮೀಟರು ನೂರಿಪ್ಪತ್ತರಲ್ಲಿತ್ತು. ಹೋಗಿ ಬರಲು ಒಂದೂವರೆ ಗಂಟೆ. ನಾನು ಬ್ಯಾರನ್ನು ಬಿಟ್ಟು ಬರುವುದಿಲ್ಲ ಅತ್ತಿಗೆ ಎಂದು ನೇರವಾಗಿ ಹೇಳಿದ್ದರೂ ಆಗುತ್ತಿತ್ತು. ಅವಳು ಇನ್ಯಾರನ್ನಾದರೂ ಕರೆಯುತ್ತಿದ್ದಳು, ಇಲ್ಲವೇ ತಾನೇ ಬೆಂಕಿ ನೋಡಿಕೊಳ್ಳುವುದಕ್ಕೆ ಪಕ್ಕದ ಮನೆಯವರನ್ನು ಕೂರಿಸುತ್ತಿದ್ದಳು. ಅದನ್ನು ಹೇಳಲು ನಾಚಿಕೆಯಾಯಿತು. 'ಪೆಟ್ರೋಲಿಲ್ವಲ್ಲ ಅತ್ಗೆ. ಅಂಗ್ಡಿಯಿಂದ ಒಂದು ಬಾಟ್ಲಿ ತಂದು ಉಯ್ಯಾನ ಅಂದ್ರೂ ಮುಚ್ಚಳದ ಕೀ ಅಣ್ಣನ ಜೇಬಲ್ಲಿ ಒಂಟೋಯ್ತು' ಅಂದ. ಎಷ್ಟು ಸಲೀಸಾಗಿ ಬಂತು ಮಾತು, ಬಾಟಲಿಯ ಸಮೇತ. 'ಬುಡಪ್ಪ ಅಂಗಾರೆ, ಮೂರೂವರೆ ಬಸ್ಸಿಗೆ ಓಯ್ತೀನಿ. ಸೌಂದರ್ಯ ಬಂದ್ರೆ ಉಪ್ಪಿಟ್ಟು ಮುಚ್ಚಿಟ್ಟಿವ್ನಿ ಅನ್ನು' ಎಂದು ಅವಳು ಕೆರೆ ಏರಿಯ ಕಡೆ ನಡೆದಳು. ಬಸ್ಸು ನಿಲ್ಲುವ ಕಡೆ ಒಂದು ಚಪ್ಪಡಿ ಕಲ್ಲಿದೆ, ಅದರ ಮೇಲೆ ಕೂತವಳು ಕೂತ ಹಾಗೆಯೇ ಪಕ್ಕಕ್ಕೆ ಒರಗಿದ್ದಳಂತೆ. ಬಸ್ಸಿನವನು ಎಲ್ಲೂ ನಿಲ್ಲಿಸದೆ ಓಡಿಸಿದ್ದ. ಅರ್ಧ ಗಂಟೆ ಮುಂಚೆ ಬಂದಿದ್ದರೆ ನೋಡಬಹುದಿತ್ತು ಅಂದರಂತೆ ಡಾಕ್ಟರು. ಸುದ್ದಿ ಬಂದು ಎಲ್ಲರೂ ಎದ್ದುಬಿದ್ದು ಓಡಿದ ಮೇಲೆ ಬ್ಯಾರನ್ನು ತಾನಾಗಿ ಆರಿತು, ಅಷ್ಟೂ ಸೊಪ್ಪು ಕಪ್ಪಾಯಿತು.

'ಚಿಕ್ಕಪ್ಪ, ಇಲ್ಲಿ ಬಾ, ಒಸಿ ಅದುಮಿ ಇಡ್ಕೊ' ಎಂದು ಸೌಂದರ್ಯ ಕರೆದಳು. ಮುಚ್ಚಳವನ್ನು ಮೇಲಿನಿಂದ ಒತ್ತಿ ಹಿಡಿದರೆ ಒಳಗಿನ ಕೊಂಡಿ ಸಡಿಲವಾಗುತ್ತದಂತೆ, ಆಗ ತಂತಿಯಿಂದ ತಿರುಗಿಸಬಹುದಂತೆ. ಶಶಿ ಹೋಗಿ ಎರಡೂ ಅಂಗೈ ಇಟ್ಟು ಒತ್ತಿದ. ಒತ್ತುತ್ತಿದ್ದೇನೋ ಇಲ್ಲ ತೆರೆಯದಂತೆ ಹಿಡಿದುಕೊಂಡಿದ್ದೇನೋ ಅವನಿಗೇ ತಿಳಿಯಲಿಲ್ಲ. ಕೈ ಕೆಳಗೆ ತಗಡು ಬಿಸಿಯಾಗಿತ್ತು. ಅವಳು ಸೈಕಲ್ಲಿನ ಕಡ್ಡಿ ತಿದ್ದಿ ಮಾಡಿದ ತಂತಿಯನ್ನು ಕೀ ತೂತಿಗೆ ಹಾಕಿ, ನಾಲಿಗೆ ಕಚ್ಚಿಕೊಂಡು, ತಿರುಗಿಸಿದಳು. ತಂತಿ ಬಾಗಿತು. ಇನ್ನೊಂದು ತಂತಿ ಮುರಿದೇ ಹೋಯಿತು. ಒಳ್ಳೆಯದಾಯಿತು ಎಂದು ಅವನ ಮನಸ್ಸು ಹೇಳಿತು, ಸಣ್ಣ ಹುಡುಗರು ಮೇಷ್ಟರು ಬರಲಿಲ್ಲವೆಂದು ಖುಷಿಪಡುವ ಹಾಗೆ. 'ಬರಲ್ಲ ಕಣವ್ವ, ಕಚ್ಕೊಂಡ್ಬುಟ್ಟದೆ' ಅಂದ. ಮಂಚದ ಕಡೆಯಿಂದ ಅಣ್ಣ, 'ಕೀ ಒಂದಿದ್ದಿದ್ರೆ ಇಷ್ಟೆಲ್ಲ ಎಲ್ಲಿತ್ತು. ನಾನೇ ಅಲ್ವಾ ಜೇಬಿಗಾಕ್ಕೊಂಡೋದೋನು' ಅಂದ. ಈ ಮಾತನ್ನು ಅಣ್ಣ ಪ್ರತಿ ವರ್ಷ ಅತ್ತಿಗೆಗೆ ಎಡೆ ಇಡುವ ದಿನ ಹೇಳುತ್ತಾನೆ, ಎಲೆಯ ಮುಂದೆ ಕೂತವರಿಗೆಲ್ಲ ಕೇಳುವಂತೆ. ಕೀ ನನ್ ಜೇಬಲ್ಲಿತ್ತು. ಕೂತವರು ಲೊಚಗುಟ್ಟುತ್ತಾರೆ, ನಿನ್ನ ತಪ್ಪೇನಪ್ಪ ಚೆಲುವರಾಜು ಅನ್ನುತ್ತಾರೆ, ಶಶಿಗೆ ಇನ್ನೊಂದು ಸುತ್ತು ಪಾಯಸ ಬಡಿಸುತ್ತಾರೆ. ಪ್ರತಿ ಸಲವೂ ಈಗ ಹೇಳಿಬಿಡಬೇಕು ಅನ್ನಿಸುತ್ತದೆ, ಪ್ರತಿ ಸಲವೂ ಬಾಯಿ ತುಂಬ ಪಾಯಸವಿರುತ್ತದೆ.

ತನ್ನ ಪರವಾಗಿ ಅವನ ಹತ್ತಿರ ಇದ್ದದ್ದು ಒಂದೇ ಒಂದು ಮಾತು. ಅತ್ತಿಗೆ ಹೋಗಿ ಇಪ್ಪತ್ತು ಇಪ್ಪತ್ತೈದು ನಿಮಿಷವಾಗಿರಬೇಕು, ಮನಸ್ಸು ತಡೆಯದೆ ಅವನು ಮೊಳೆಯಿಂದ ಕೀ ತಂದು, ಬೈಕು ಹೊರಗೆ ತಳ್ಳಿ, ಎರಡು ಕಿಕ್ಕು ಹೊಡೆದು ಸ್ಟಾರ್ಟ್ ಮಾಡಿದ್ದ. ಎರಡನೆಯದಕ್ಕೇ ಹೊತ್ತಿಕೊಂಡಿತ್ತು. ಹತ್ತಿ ಕೂತೂ ಇದ್ದ. ಅಷ್ಟರಲ್ಲಿ ಕಿಂಡಿಯ ಕಡೆ ಕಣ್ಣು ಹೋಗಿ, ನೂರಹದಿನೆಂಟಾಗಿದೆ ಅನ್ನಿಸಿ, ಆರಿಸಿ ಇಳಿದು ಸೌದೆ ಹಾಕಿದ್ದ. ಹೇಗೂ ಬಸ್ಸು ಬರುವ ಹೊತ್ತಾಯಿತು ಅಂದುಕೊಂಡಿದ್ದ. ಆದರೂ ಸ್ಟಾರ್ಟ್ ಮಾಡಿದ್ದೆ. ಪೂರ್ತಿ ಕೆಟ್ಟವನಾಗಿದ್ದರೆ ಸ್ಟಾರ್ಟ್ ಯಾಕೆ ಮಾಡುತ್ತಿದ್ದೆ. ಮದುವೆಯ ಮಾತು ಬಂದಾಗಲೆಲ್ಲ ಏನೋ ಒಂದು ನೆಪ ಹೇಳಿ ತಪ್ಪಿಸಿಕೊಂಡು, ಒಬ್ಬನೇ ಮಲಗಿ, ಈ ನಾಲ್ಕು ವರ್ಷ ಅವನು ಈ ಒಂದು ಮಾತನ್ನು ಆಡಿಕೊಂಡು ನಿದ್ದೆ ಮಾಡಿದ್ದಾನೆ. ಬಸ್ಸು ನಿಲ್ಲುವ ಆ ಕಲ್ಲಿನ ಕಡೆಗೆ ಮಾತ್ರ ಅವನು ಆಮೇಲೆ ಒಂದು ದಿನವೂ ಹೋಗಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಹೊಲದ ಬದುವಿನ ಮೇಲೆ ಬಳಸಿಕೊಂಡು ಮುಂದಿನ ಕ್ರಾಸಿಗೆ ಹೋಗಿ ಬಸ್ಸು ಹತ್ತುತ್ತಾನೆ.

ಊಟವಾದ ಮೇಲೆ ಬೆಟ್ಟದಪುರದಿಂದ ಮೆಕ್ಯಾನಿಕ್ ಮರಿಯಯ್ಯ ತನ್ನ ಸ್ಕೂಟರಿನಲ್ಲಿ ಬಂದ. ಅರವತ್ತು ದಾಟಿದ ಮನುಷ್ಯ, ಈ ಬೈಕನ್ನು ಹೊಸದರಲ್ಲಿ ಸರ್ವೀಸ್ ಮಾಡಿದವನು. ಸೌಂದರ್ಯಳೇ ಫೋನ್ ಮಾಡಿದ್ದಳು. ಕೀ ತೂತಿಗೆ ಕಣ್ಣಿಟ್ಟು ನೋಡಿ, ಮುಚ್ಚಳಕ್ಕೆ ಸುತ್ತಿಗೆಯ ಮರದ ಹಿಡಿಯಿಂದ ನಾಲ್ಕು ಏಟು ಕೊಟ್ಟು, 'ಇದು ಬಾಯ್ಮಾತಿಗೆ ಬಗ್ಗಲ್ಲ, ತಲೆ ಕುಯ್ಬೇಕು' ಎಂದು ಚೀಲದಿಂದ ಕತ್ತರಿಸುವ ಗ್ರೈಂಡರ್ ತೆಗೆದ. ಬ್ಯಾರನ್ನಿನ ಗೋಡೆಯ ಪ್ಲಗ್ಗಿನ ತನಕ ವೈರು ಎಳೆದ. ಆಮೇಲೆ ನೆನಪಾದವನಂತೆ ನಿಂತು, 'ಒಳ್ಗೆ ಪೆಟ್ರೋಲೇನಾರ ಅದಾ? ಈಗ್ಲೇ ಏಳ್ಬುಡಿ. ಕಿಡಿ ಆರ್ತದೆ, ತಮಾಷೆ ಅಲ್ಲ' ಅಂದ.

'ಇಲ್ಲ' ಅಂದ ಚೆಲುವರಾಜು.

'ಖಂಡಿತ್ವಾಗಿ?'

'ಇಲ್ಲ ಕಣಯ್ಯ. ಅವತ್ತೇ ಇರ್ಲಿಲ್ಲ, ಈಗೆಲ್ಲಿಂದ ಬತ್ತದೆ. ಬೇಕಾರೆ ಶಶೀನ ಕೇಳು.'

ಮರಿಯಯ್ಯ ಶಶಿಯ ಮುಖ ನೋಡಿದ. ಸೌಂದರ್ಯಳೂ ನೋಡಿದಳು. ಶಶಿ ತಲೆ ಅಲ್ಲಾಡಿಸಿದ. ಇಲ್ಲ ಎಂದು ಅಲ್ಲಾಡಿಸಿದ್ದು. ನಾಲ್ಕು ವರ್ಷದ ಅಭ್ಯಾಸದಲ್ಲಿ ಕತ್ತು ತಾನಾಗಿ ಆ ಕಡೆ ಈ ಕಡೆ ತಿರುಗಿತು, ಅವನನ್ನು ಕೇಳಲೇ ಇಲ್ಲ. ಮರಿಯಯ್ಯ ಹ್ಯಾಂಡಲ್ ಹಿಡಿದು ಬೈಕನ್ನು ಎರಡು ಸಲ ಕುಲುಕಿದ, ಕಿವಿಗೊಟ್ಟ. ಸದ್ದಿಲ್ಲ. ಗಂಟಲವರೆಗೆ ತುಂಬಿದ್ದರೆ ಕುಲುಕುವುದೆಲ್ಲಿಂದ ಬಂತು ಎಂದು ಶಶಿಗೆ ಹೊಳೆಯಿತು. ಸೌಂದರ್ಯ ಒದ್ದೆ ಗೋಣಿ ತಂದು ಟ್ಯಾಂಕಿನ ಸುತ್ತ ಹೊದಿಸಿ, ಅಲುಗದಂತೆ ಎರಡೂ ತೋಳಿನಿಂದ ತಬ್ಬಿ ಹಿಡಿದಳು. ಅವಳ ಗಲ್ಲ ಮುಚ್ಚಳದಿಂದ ಒಂದು ಗೇಣು ದೂರದಲ್ಲಿತ್ತು. ಹೇಳು, ಈಗ ಹೇಳು, ಎಂದು ಅವನು ತನಗೆ ತಾನೇ ಅಂದುಕೊಂಡ. ಅವಳನ್ನು ಹಿಂದೆ ಸರಿ ಅಂದರೆ ಸಾಕಲ್ಲ, ಕಣ್ಣಿಗೆ ಕಿಡಿ ಬೀಳುತ್ತದೆ ಅಂದರೆ ಸಾಕಲ್ಲ, ಎಂದು ಅದರೊಳಗೇ ಇನ್ನೊಂದು ಸುಳ್ಳು ಹುಡುಕಿದ. 'ಶಶಣ್ಣ, ಆ ಪ್ಲಗ್ ಚುಚ್ಚಿ' ಅಂದ ಮರಿಯಯ್ಯ. ಶಶಿ ಬಗ್ಗಿ ಪ್ಲಗ್ ಚುಚ್ಚಿದ. ಇದು ಆಮೇಲೆ ಅವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ನೆನಪುಳಿಯುವ ಸಂಗತಿ, ತಾನು ಚುಚ್ಚಿದೆ ಎಂಬುದು, ಸ್ವಿಚ್ಚನ್ನೂ ತಾನೇ ಒತ್ತಿದೆ ಎಂಬುದು. ಗ್ರೈಂಡರ್ ಕಿರುಚಿತು. ಬಿಲ್ಲೆ ಕಬ್ಬಿಣಕ್ಕೆ ತಾಗಿ ಒಂದು ಹಿಡಿ ಕಿಡಿ ಎದ್ದು ಸೌಂದರ್ಯಳ ಕೂದಲಿನ ಪಕ್ಕ ಹಾದು ಹೋಯಿತು.

ವೈರನ್ನು ಅವನು ಗೋಡೆಯಿಂದ ಕಿತ್ತದ್ದು ಎಷ್ಟು ಜೋರಾಗಿತ್ತೆಂದರೆ ಪ್ಲಗ್ಗಿನ ಡಬ್ಬಿಯೂ ಕಳಚಿಕೊಂಡು ಬಂತು. 'ತುಂಬದೆ! ತುಂಬದೆ ಕಣ್ರೋ! ಮಗೀನ ಎಳ್ಕೊಳಿ, ಫುಲ್ ಟ್ಯಾಂಕ್ ಅದೆ!' ತನ್ನ ದನಿ ಹೆಂಗಸಿನದರಂತೆ ಒಡೆದು ಬಂದದ್ದು ಅವನಿಗೇ ಕೇಳಿಸಿತು. ಓಡಿ ಬಂದು ಸೌಂದರ್ಯಳ ರಟ್ಟೆ ಹಿಡಿದು ಎಳೆದ, ಅವಳು ಮಣೆಯಿಂದ ಹಿಂದಕ್ಕೆ ಬಿದ್ದಳು. ಗ್ರೈಂಡರಿನ ಬಿಲ್ಲೆ ಮರಿಯಯ್ಯನ ಕೈಯಲ್ಲಿ ತಿರುಗಿ ತಿರುಗಿ ನಿಧಾನವಾಗಿ ನಿಂತಿತು.

'ಯಾರು ತುಂಬ್ಸಿದ್ದು?' ಎಂದು ಕೇಳಿದವಳು ಸೌಂದರ್ಯ, ನೆಲದ ಮೇಲಿನಿಂದಲೇ.

'ನಾನೇ. ಹಿಂದಿನ್ ದಿನ ಸಂಜೆ.'

'ಯಾವದರ ಹಿಂದಿನ್ ದಿನ?'

ಅವಳ ಮುಖದಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಅವನು ನೋಡಿದ. 'ಬ್ಯಾರನ್ ಬಣ್ಣ ಕಟ್ತಾ ಇತ್ತು ಕಣವ್ವ' ಅಂದ. ಹೇಳಿದ ಮೇಲೆ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಇನ್ನೇನಾದರೂ ದೊಡ್ಡ ಕಾರಣ ಇದ್ದಿದ್ದರೆ ಎಂದು ಆಸೆಯಾಯಿತು. 'ಗ್ಯಾಸು ಅನ್ಕೊಂಡೆ. ಬ್ಯಾರನ್ ಬುಟ್ಟು ಬರಕ್ಕಾಗಲ್ಲ ಅನ್ನಕ್ಕೆ ನಾಚ್ಕೆ ಆಯ್ತು. ಪೆಟ್ರೋಲಿಲ್ಲ ಅಂದ್ಬುಟ್ಟೆ.'

'ಗಾಡಿ ಸ್ಟಾರ್ಟ್ ಆಗ್ತಿತ್ತಾ?'

'ಆಗಿತ್ತು. ಅತ್ಗೆ ಓದ್ಮೇಲೆ ನಾನು ಸ್ಟಾರ್ಟ್ ಮಾಡಿದ್ದೆ' ಅಂದ, ತನ್ನ ಹತ್ತಿರವಿದ್ದ ಒಂದೇ ಮಾತನ್ನು ಕೊನೆಗೂ ಹೊರಗೆ ತೆಗೆದು. 'ಮಾಡಿ?' ಅಂದಳು. 'ಮಾಡಿ, ಆರಿಸ್ದೆ.'

ಮಂಚ ಕಿರುಗುಟ್ಟಿತು. ಅಣ್ಣ ಎದ್ದು ಬರುತ್ತಿದ್ದ. ಹೊಡೆಯುತ್ತಾನೆ ಅಂದುಕೊಂಡು ಶಶಿ ಮುಖ ಒಡ್ಡಿ ನಿಂತ, ಹೊಡೆದರೆ ಚೆನ್ನ ಎಂದು ನಿಜವಾಗಿಯೂ ಅನ್ನಿಸಿತು. ಚೆಲುವರಾಜು ಅವನನ್ನು ದಾಟಿ ಬೈಕಿನ ಹತ್ತಿರ ಹೋದ. ಅಂಗಿ ಎತ್ತಿ, ಸೊಂಟದ ಉಡಿದಾರಕ್ಕೆ ಕಟ್ಟಿದ್ದ ಗಂಟನ್ನು ಉಗುರಿನಿಂದ ಬಿಚ್ಚಿ, ಪುಟ್ಟ ಕೀಯೊಂದನ್ನು ತೆಗೆದು ಸೀಟಿನ ಮೇಲಿಟ್ಟ. ಬೆವರು ತಿಂದು ಕಪ್ಪಾಗಿದ್ದ ಕೀ. ಶಶಿಗೆ ಮೊದಲು ಅದು ಏನೆಂದೇ ಅರ್ಥವಾಗಲಿಲ್ಲ. 'ಒಳೆಗಾಕಿದ್ಯಲ್ಲ ನೀನು' ಅಂದ. 'ಒಳೆಗಾಕಿದ್ದು ಟ್ರಂಕಿಂದು' ಅಂದ ಅಣ್ಣ. ಆ ತಿಂಗಳು ಅತ್ತಿಗೆಯ ಸೀರೆಗಳನ್ನು ತೆಗೆಯಲು ಟ್ರಂಕಿನ ಬೀಗ ಒಡೆಯಬೇಕಾಗಿ ಬಂದದ್ದು, ಕೀ ಎಲ್ಲೋ ಕಳೆಯಿತು ಎಂದು ಅಣ್ಣ ಹೇಳಿದ್ದು, ಒಡೆದವನು ತಾನೇ ಎಂಬುದು, ಎಲ್ಲ ಒಟ್ಟಿಗೇ ಶಶಿಯ ತಲೆಗೆ ನುಗ್ಗಿ ಅವನು ಹೊಂಗೆಮರವನ್ನು ಹಿಡಿದುಕೊಂಡ.

'ಆಲುತುಪ್ಪ ಬುಟ್ಟ ದಿನ ಸಂಜೆ' ಎಂದು ಚೆಲುವರಾಜು ಮಗಳಿಗೆ ಹೇಳಿದ, ತಮ್ಮನ ಕಡೆ ನೋಡದೆ. 'ತಿಥಿ ಸಾಮಾನು ತರಾನ ಅಂತ ಅಂಗ್ಡಿಯಿಂದ ಒಂದು ಬಾಟ್ಲಿ ಪೆಟ್ರೋಲ್ ತಂದೆ. ಉಯ್ಯಕ್ಕೆ ಅಂತ ಮುಚ್ಚಳ ತಗದ್ರೆ, ತುಂಬಿ ತುಳುಕ್ತಾ ಅದೆ. ಬಾಟ್ಲಿ ಇಡ್ಕೊಂಡು ಅಂಗೇ ನಿಂತಿದ್ದೆ.' 'ಮಾರ್ನೇ ವರ್ಷ ಎಡೆ ಇಟ್ಟ ರಾತ್ರಿ ಪೈಪಾಕಿ ಅಷ್ಟೂ ತಗ್ದು ಬೇಲಿಗೆ ಸುರ್ದೆ. ಬಳಸಕ್ಕೆ ಮನಸ್ ಬರ್ಲಿಲ್ಲ. ಈಗ ಒಳ್ಗೆ ಏನೂ ಇಲ್ಲ. ಇದ್ದಿದ್ರೆ ನಿನ್ನ ಅಲ್ಲಿ ಕೂರುಸ್ತಿದ್ನಾ?'

'ಗೊತ್ತಿತ್ತು ನಿಂಗೆ' ಅಂದಳು ಸೌಂದರ್ಯ. ಎದ್ದು ನಿಂತಿದ್ದಳು, ಮೊಣಕೈ ತರಚಿ ರಕ್ತ ಬಂದಿತ್ತು. 'ನಾಕ್ ವರ್ಷದಿಂದ ಗೊತ್ತಿತ್ತು. ನಾನು ನಿನ್ನ ಕೊಲೆಗಾರ ಅಂದೆ ಅಪ್ಪ. ಒಂದ್ ವರ್ಷ ನಿಂಗೆ ನೀರ್ ಕೊಡ್ಲಿಲ್ಲ ನಾನು. ಅವಾಗ್ಲಾದ್ರೂ ಯಾಕ್ ಏಳ್ಲಿಲ್ಲ?'

'ಇವ್ನೇ ಏಳ್ಳಿ, ಅಲ್ಲೀಗಂಟ ಯಾರೂ ಮುಚ್ಚಳ ತಗೀಬಾರ್ದು ಅಂತ ಕಾದೆ ಕಣವ್ವ. ಪ್ರತಿ ವರ್ಷ ಎಡೆ ಮುಂದೆ ಕುಂತ್ಕೊಂಡು ನಾನೇ ಕೀ ಒತ್ಕೊಂಡೋದೋನು ಅಂತಿದ್ದೆ. ಇವತ್ತು ಏಳ್ತಾನೆ, ಇವತ್ತು ಏಳ್ತಾನೆ ಅಂತ ಮುಖ ನೋಡ್ತಿದ್ದೆ.' ಆಗ ಮೊದಲ ಸಲ ತಮ್ಮನ ಕಡೆ ತಿರುಗಿದ. 'ಪಾಯಸ ಉಣ್ತಿದ್ದೆ ಕಣ್ಲಾ ನೀನು.'

ಶಶಿ ನಾಲ್ಕು ವರ್ಷ ಮುಚ್ಚಿಟ್ಟೆ ಅಂದುಕೊಂಡದ್ದನ್ನು ನಾಲ್ಕು ವರ್ಷವೂ ಒಬ್ಬ ಎದುರಿಗೆ ಕೂತು ನೋಡುತ್ತಿದ್ದ. ಒಂದೇ ಜಗಲಿಯಲ್ಲಿ ಮಲಗಿದ್ದರು, ಒಂದೇ ಬೀಡಿಯನ್ನು ಹಂಚಿಕೊಂಡಿದ್ದರು, ಜ್ವರ ಬಂದಾಗ ಅಣ್ಣನೇ ಗಂಜಿ ತಂದುಕೊಟ್ಟಿದ್ದ. ಆ ಗಂಜಿ ಕೊಡುವಾಗಲೂ ಗೊತ್ತಿತ್ತು. ಅವನು ಆಡಿದ ಪ್ರತಿ ಮಾತನ್ನೂ ಶಶಿ ಈಗ ಹಿಂದಕ್ಕೆ ಹೋಗಿ ಹೊಸದಾಗಿ ಕೇಳಿಸಿಕೊಳ್ಳಬೇಕಾಗಿತ್ತು, ಅಷ್ಟನ್ನೂ, ಒಂದೊಂದಾಗಿ. ಕ್ಷಮಿಸು ಎಂದು ಯಾರಿಗೆ ಮೊದಲು ಹೇಳಬೇಕೆಂದೇ ತಿಳಿಯಲಿಲ್ಲ. ಮರಿಯಯ್ಯ ಗ್ರೈಂಡರಿನ ವೈರನ್ನು ಸುತ್ತುತ್ತಾ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಾ ಕೂತಿದ್ದ.

ಸೌಂದರ್ಯ ಸೀಟಿನ ಮೇಲಿನಿಂದ ಕೀ ತೆಗೆದುಕೊಂಡು ತೂತಿಗೆ ಹಾಕಿದಳು. ತಿರುಗಲಿಲ್ಲ. ಕೀ ಸರಿಯಾದದ್ದೇ, ಬೀಗವೇ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು, ಗ್ರೈಂಡರು ತಲೆಯ ಮೇಲೆ ಒಂದು ಗೀರು ಮಾತ್ರ ಮಾಡಿತ್ತು. ಅವಳು ಕೀಯನ್ನು ಹೊರಗೆ ತೆಗೆದು ಎಣ್ಣೆಯಲ್ಲಿ ಅದ್ದಿ, ಹಾಕಿ, ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ, ಅವಸರವಿಲ್ಲದೆ ಆಡಿಸಿದಳು. ಒಂದು ಕೈಯಿಂದ ಮುಚ್ಚಳವನ್ನು ಕೆಳಕ್ಕೆ ಒತ್ತಿದಳು. ಮರಿಯಯ್ಯ ಬಂದು ಮರದ ಹಿಡಿಯಿಂದ ಅಂಚಿಗೆ ಮೆಲ್ಲಗೆ ತಟ್ಟುತ್ತಾ ಹೋದ. ಹತ್ತು ನಿಮಿಷ ಹಿಡಿದಿರಬೇಕು. ಅಣ್ಣ ತಮ್ಮ ಇಬ್ಬರೂ ಎರಡು ಕಡೆ ನಿಂತು ನೋಡುತ್ತಿದ್ದರು, ಅವಳು ಇಬ್ಬರಲ್ಲಿ ಯಾರನ್ನೂ ಹಿಡಿದುಕೋ ಎಂದು ಕರೆಯಲಿಲ್ಲ. ಒಳ್ಳೆ ಕೀಲು ಮುರಿದ ಹಾಗೆ ಸದ್ದಾಗಿ ಕೀ ತಿರುಗಿತು. ಮುಚ್ಚಳ ಎತ್ತಿದರೆ ಒಳಗೆ ಕೆಂಪು ತುಕ್ಕು, ಕತ್ತಲೆ, ಬಹಳ ಹಿಂದಿನ ಪೆಟ್ರೋಲಿನ ಸಣ್ಣ ವಾಸನೆ. ಸೌಂದರ್ಯ ಬಗ್ಗಿ ಅದನ್ನು ಒಂದು ಸಲ ಮೂಸಿದಳು. ಆಮೇಲೆ ಬ್ಯಾರನ್ನಿನ ಮೂಲೆಯಲ್ಲಿದ್ದ ಐದು ಲೀಟರಿನ ಕ್ಯಾನು ತಂದು ಶಶಿಯ ಕಾಲ ಬಳಿ ಇಟ್ಟು, 'ಪೆಟ್ರೋಲಿಲ್ಲ ಚಿಕ್ಕಪ್ಪ. ಮೂರೂವರೆ ಬಸ್ಸಿಗೆ ಓಗಿ ತಕ್ಕೊಂಬತ್ತೀಯಾ?' ಅಂದಳು.

ಮರಿಯಯ್ಯ ತನ್ನ ಸ್ಕೂಟರಿನ ಕೀ ಚಾಚಿದ. ಶಶಿ ಅದನ್ನು ನೋಡಲಿಲ್ಲ, ಕ್ಯಾನು ಎತ್ತಿಕೊಂಡ. ಎರಡು ಹೆಜ್ಜೆ ಹೋದವನು ಅಭ್ಯಾಸದಿಂದ ಕಿಂಡಿಯ ಕಡೆ ನೋಡಿದ. 'ಬ್ಯಾರನ್ ನಾ ನೋಡ್ಕತೀನಿ, ಓಗು' ಅಂದ ಅಣ್ಣ. ಅಷ್ಟೇ ಮಾತು, ಆವತ್ತು ಯಾರಾದರೂ ಆಡಬೇಕಾಗಿದ್ದದ್ದು.

ಕೆರೆ ಏರಿಯ ದಾರಿ ಅವನಿಗೆ ನೆನಪಿದ್ದದ್ದಕ್ಕಿಂತ ಉದ್ದವಾಗಿತ್ತು. ಬಿಸಿಲು ಬೆನ್ನ ಮೇಲೆ ಬೀಳುತ್ತಿತ್ತು, ಖಾಲಿ ಕ್ಯಾನು ಮಂಡಿಗೆ ಬಡಿಯುತ್ತಿತ್ತು, ನಡುವೆ ಒಂದು ಕಡೆ ಏರಿ ಕಡಿದಾಗಿ ಉಸಿರು ಕಟ್ಟಿತು. ಇಲ್ಲಿ ಅತ್ತಿಗೆ ನಿಂತಿರಬೇಕು. ಎದೆ ಹಿಡಿದುಕೊಂಡವಳು ಇಷ್ಟು ದೂರ. ಅವನು ಕೂಗಿ ಅಳಬೇಕೆಂದುಕೊಂಡ, ಅಳು ಬರಲಿಲ್ಲ. ದಾರಿ ಕೆರೆಯನ್ನು ಪೂರಾ ಸುತ್ತಿ ಬಂದು ಟಾರು ರಸ್ತೆಗೆ ಸೇರುವ ಕಡೆ ಚಪ್ಪಡಿ ಕಲ್ಲು ಹಾಗೆಯೇ ಇತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಕಲ್ಲಿನ ತುದಿಯಲ್ಲಿ ಕೂತ, ಆಮೇಲೆ ಸರಿದು ನಡುವೆ ಕೂತ. ತಲೆಯೆತ್ತಿ ನೋಡಿದರೆ ಎದುರಿಗೇ, ನೀರಿನ ಆಚೆ ದಡದಲ್ಲಿ, ತಮ್ಮ ಬ್ಯಾರನ್ನು. ಇಷ್ಟು ಸುತ್ತಿ ಬಂದದ್ದು ಇಷ್ಟು ಹತ್ತಿರಕ್ಕೆ ಎಂದು ಅವನು ಈ ತನಕ ಯೋಚಿಸಿರಲೇ ಇಲ್ಲ. ಚಿಮಣಿಯ ಹೊಗೆ ಕಾಣುತ್ತಿತ್ತು, ಹೊಂಗೆಮರ ಕಾಣುತ್ತಿತ್ತು, ಮರದ ಕೆಳಗೆ ಮೂರು ಜನ ಓಡಾಡುವುದು ಕಾಣುತ್ತಿತ್ತು. ಒಬ್ಬರು ಬಾಟಲಿಯಿಂದ ಟ್ಯಾಂಕಿಗೆ ಏನೋ ಸುರಿದರು. ಮರಿಯಯ್ಯ ಕಾರ್ಬುರೇಟರ್ ತೊಳೆಯಲು ಇಟ್ಟುಕೊಳ್ಳುವ ಪೆಟ್ರೋಲು ಇರಬೇಕು.

ಆಮೇಲೆ ನೀರಿನ ಮೇಲಿಂದ ಒಂದು ಕಿಕ್ಕಿನ ಸದ್ದು ಬಂತು. ಬರೀ ಕಿಕ್ಕಿನ ಸದ್ದು, ಇಂಜಿನ್ನು ಹತ್ತದೆ ಸುಮ್ಮನಾದದ್ದು. ಅದೂ ಇಲ್ಲಿಗೆ ಕೇಳುತ್ತದೆ. ಎರಡನೆಯದಕ್ಕೆ ಬೈಕು ಹೊತ್ತಿಕೊಂಡಿತು. ನಾಲ್ಕು ವರ್ಷದ ಮೇಲೆ ಅದೇ ಸದ್ದು, ಪಟಪಟನೆ, ಒಂದೊಂದು ಏಟೂ ಬೇರೆ ಬೇರೆಯಾಗಿ, ಪಕ್ಕದಲ್ಲೇ ನಿಲ್ಲಿಸಿದ ಹಾಗೆ. ಈ ಊರಿನಲ್ಲಿ ಆ ಸದ್ದಿನ ಗಾಡಿ ಇದೊಂದೇ, ತವರಿನಿಂದ ಬಂದ ಗಾಡಿಯ ಸದ್ದನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದಳು. ಅವತ್ತು ಈ ಕಲ್ಲಿನ ಮೇಲೆ ಕೂತು ಕೇಳಿಸಿಕೊಂಡಿದ್ದಳು. ಎದುರಿಗೆ ನೋಡಿಯೂ ಇದ್ದಳು. ಪೆಟ್ರೋಲ್ ಇಲ್ಲದ ಗಾಡಿ ಸ್ಟಾರ್ಟ್ ಆಯಿತು, ಬರುತ್ತಾನೆ, ಶಶಿ ಬರುತ್ತಾನೆ ಎಂದು ಕೆರೆ ಏರಿಯ ಕಡೆ ಕತ್ತು ತಿರುಗಿಸಿರಬೇಕು. ಆಚೆ ದಡದಲ್ಲಿ ಬೈಕನ್ನು ಯಾರೋ ಆರಿಸಿದರು. ಆರಿಸಿದ್ದೂ ಕೇಳಿಸಿತು. ಮೂರೂವರೆಯ ಬಸ್ಸು ಬಂದು ನಿಂತು, ಹಾರ್ನ್ ಹೊಡೆಯಿತು, ಕಂಡಕ್ಟರ್ ಬಾಗಿಲಿನಿಂದ ಬಗ್ಗಿ 'ಯಾಕಣ್ಣ, ಉಸಾರಿಲ್ವಾ?' ಎಂದು ಕೇಳುತ್ತಿದ್ದ. ಶಶಿಗೆ ಏಳಲಾಗಲಿಲ್ಲ.